ವೈನಿ ಹೊಲಿದ ನೀಲಿ ಅಂಗಿ

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ನಾನು ಹುಮನಾಬಾದಿನ ಒಂದು ತರಬೇತಿ ಕೇಂದ್ರದಲ್ಲಿ ಟೈಪಿಂಗು, ಚಿತ್ರ ತಿದ್ದುವುದು ಕಲಿಸುತ್ತಿದ್ದೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬೆಳಿಗ್ಗೆ ಬಸವಕಲ್ಯಾಣದಲ್ಲಿ ಬಸ್ಸು ಹತ್ತಿದರೆ ಸಂಜೆಗೆ ವಾಪಸ್. ಕೇಂದ್ರದವರು ಹಳೆಯ ಯಂತ್ರಗಳನ್ನು ತೆಗೆದು ಹೊಸವು ಹಾಕಿದಾಗ ಅದರಲ್ಲೊಂದನ್ನು ನಾನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ನಡುಮನೆಯ ಕಿಟಕಿಯ ಹತ್ತಿರ, ವೈನಿಯ ಹೊಲಿಗೆ ಯಂತ್ರದ ಮಗ್ಗುಲಲ್ಲಿ ಮಾತ್ರ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಚಿಟಗುಪ್ಪದ ದರ್ಜಿಯೊಬ್ಬರ ಮಗಳು. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಅಪ್ಪನ ಕೈಯಲ್ಲಿ ಕತ್ತರಿ ಹಿಡಿಯುವುದು ಕಲಿತವರು. ನಮ್ಮ ಓಣಿಯ ಅರ್ಧ ಜನ ಅವರು ಹೊಲಿದದ್ದನ್ನೇ ಉಡುತ್ತಿದ್ದರು. ಅಣ್ಣ ಕಿರಾಣಿ ಅಂಗಡಿಗೆ ಹೋದ ಮೇಲೆ ಅವರ ಯಂತ್ರ ಶುರುವಾದರೆ ಮಧ್ಯಾಹ್ನದ ಊಟಕ್ಕಷ್ಟೇ ನಿಲ್ಲುತ್ತಿತ್ತು.

ನನಗೆ ಆಗ ಒಂದು ಕ್ರಿಕೆಟ್ ಆಟದ ಹುಚ್ಚು. ಆಟವೇನೋ ಚೆಂದ. ಆದರೆ ಅದನ್ನು ಮಾಡಿದ ಕಂಪನಿಗೆ ನಮ್ಮ ತಂಡದ ಅಂಗಿ ಬಳಸುವ ಪರವಾನಗಿ ಇರಲಿಲ್ಲವಂತೆ. ಹಾಗಾಗಿ ಆಟಗಾರರ ಹೆಸರು ತಿರುಚಿ, ಮೈಮೇಲೆ ಯಾವುದೋ ಸಪ್ಪೆ ನೀಲಿ ಬಳಿದಿದ್ದರು. ಇದನ್ನು ಸರಿಮಾಡುತ್ತಿದ್ದವರು ಕಂಪನಿಯವರಲ್ಲ, ಆಡುವವರೇ. ಆಟದ ಒಳಗಿನ ಫೈಲುಗಳನ್ನು ಬಿಚ್ಚಿ, ಅಂಗಿ, ಬ್ಯಾಟು, ಮೈದಾನ ಎಲ್ಲವನ್ನೂ ತಾವೇ ಹೊಸದಾಗಿ ಮಾಡಿ, ಇಂಟರ್ನೆಟ್ಟಿನ ಒಂದು ಫೋರಂನಲ್ಲಿ ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದರು. ಅದಕ್ಕೆ ಮಾಡ್ ಅನ್ನುತ್ತಿದ್ದರು. ನಾನೂ ಒಂದು ಮಾಡ್ ಮಾಡಿ ಹೆಸರು ಗಳಿಸಬೇಕೆಂದು ಹೊರಟೆ.

ಒಂದು ರವಿವಾರ ಮಧ್ಯಾಹ್ನ ಅಂಗಿಯ ಫೈಲು ತೆರೆದು ಕೂತಿದ್ದೆ. ಎದೆಯ ಮೇಲಿಂದ ತೋಳು ಬಳಸಿ ಬೆನ್ನಿಗೆ ಸುತ್ತುವ ಒಂದು ಕೇಸರಿ ಪಟ್ಟಿ ಹಾಕಬೇಕಿತ್ತು. ಫೈಲಿನಲ್ಲಿ ಅಂಗಿ ಅಂಗಿಯ ಹಾಗೆ ಇರುವುದಿಲ್ಲ. ಒಂದು ಚೌಕದೊಳಗೆ ಅದರ ತುಂಡುಗಳು ಚಪ್ಪಟೆಯಾಗಿ ಬಿದ್ದಿರುತ್ತವೆ. ನಾನು ಪಟ್ಟಿ ಎಳೆಯುವುದು, ಆಟ ಶುರುಮಾಡುವುದು, ಬೌಲರ್ ಕೈ ಎತ್ತಿದ ಕೂಡಲೇ ಬಗಲಲ್ಲಿ ಪಟ್ಟಿ ಮುರಿದು ಒಂದು ಬೆರಳು ಕೆಳಗೆ ಬೀಳುವುದು. ಮೂರು ವಾರದಿಂದ ಇದೇ ಆಗಿತ್ತು.

ವೈನಿ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದವರು ತಲೆಯೆತ್ತಿ ಪರದೆ ನೋಡಿದರು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

"ಇದು ಅಂಗಿ ಕಟಿಂಗ್ ಅಲ್ಲೇನು?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಸೂಜಿಯನ್ನು ಸೀರೆಯ ಸೆರಗಿಗೆ ಚುಚ್ಚಿ ಎದ್ದು ಬಂದು, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಇದು ಮುಂಭಾಗ, ಇದು ಬೆನ್ನು, ಇದು ಕಾಲರ್. ನಾನು ಮೂರು ವಾರ ಏನೆಂದು ತಿಳಿಯದೆ ಪಟ್ಟಿ ಎಳೆದಿದ್ದ ಮೂಲೆಯ ತುಂಡು ಎಡತೋಳಂತೆ.

"ಇದನ್ನ ಮಾಡಿದಾವ ತೋಳು ತಲಿಕೆಳಗ ಇಟ್ಟಾನ, ನೋಡು. ಬಟ್ಟಿ ಉಳಸ್ಯಾನ. ನಮ್ಮಪ್ಪನೂ ಹಿಂಗ ಇಡತಿದ್ದ. ನೀ ಎಲ್ಲಾ ಕಡಿ ಪಟ್ಟಿ ಮ್ಯಾಲಿಂದ ಅಳದೀದಿ. ಇಲ್ಲಿ ಕೆಳಗಿಂದ ಅಳೀಬೇಕು."

ಅವರು ಹೇಳಿದಂತೆ ಅಳೆದು ಎಳೆದೆ. ಆಟ ಶುರುಮಾಡಿದೆ. ಬೌಲರ್ ಓಡಿ ಬಂದು ಕೈ ಎತ್ತಿದ. ಪಟ್ಟಿ ಎದೆಯಿಂದ ತೋಳು, ಬಗಲು ದಾಟಿ ಬೆನ್ನಿಗೆ ಎಲ್ಲೂ ಮುರಿಯದೆ ಹೋಯಿತು. ನಾನು ಪರದೆ ಬಿಟ್ಟು ವೈನಿಯನ್ನು ನೋಡಿದೆ. ಕಂಪ್ಯೂಟರ್ ಮುಟ್ಟದ, ಆ ಆಟವನ್ನು ಒಮ್ಮೆಯೂ ಆಡದ ಹೆಂಗಸು ಚಪ್ಪಟೆ ಚೌಕದೊಳಗೆ ಒಂದು ಮೈಯನ್ನು ಕಂಡಿದ್ದರು. ಅವರು ಮಾತ್ರ ಹುಕ್ಕು ಹಚ್ಚಲು ವಾಪಸ್ ಹೋದರು.

ಮರುವಾರ ಅವರೇ ಮೌಸ್ ಕೇಳಿದರು. ಅದನ್ನು ಬಟ್ಟೆಯ ಮೇಲೆ ಗೆರೆ ಹಾಕುವ ಚಾಕ್‌ಪೀಸಿನಂತೆ ಮೂರು ಬೆರಳಲ್ಲಿ ಹಿಡಿಯುತ್ತಿದ್ದರು. ನಾನು ಹೀಗಲ್ಲ ಎಂದು ತಿದ್ದಿದೆ, ಕೇಳಲಿಲ್ಲ. ಎರಡು ತಿಂಗಳಲ್ಲಿ ನನಗಿಂತ ಸಣ್ಣ ಗೆರೆ ಎಳೆಯತೊಡಗಿದರು. ಟೀವಿಯಲ್ಲಿ ಮ್ಯಾಚ್ ಬಂದರೆ ಮನೆಯವರೆಲ್ಲ ರನ್ ನೋಡಿದರೆ ಅವರು ಭುಜ ನೋಡುವರು. ಕೈ ಎತ್ತಿದಾಗ ಅಂಗಿ ಎಲ್ಲಿ ಜಗ್ಗುತ್ತದೆ, ಬೆವತಾಗ ಬೆನ್ನಿಗೆ ಹೇಗೆ ಅಂಟುತ್ತದೆ ಎಂದು. ದಾರ ತರಲು ಪೇಟೆಗೆ ಹೋದವರು ಕೋಟೆಯ ಕಡೆಯ ಬಯಲಲ್ಲಿ ನಿಂತು ಹುಡುಗರು ಬೌಲಿಂಗ್ ಮಾಡುವುದನ್ನು ನೋಡಿಕೊಂಡು ಬರುತ್ತಿದ್ದರು. ಆಮೇಲೆ ಆ ನಿರಿಗೆಗಳ ನೆರಳನ್ನು ಒಂದೊಂದೇ ಚುಕ್ಕಿಯಿಟ್ಟು ಫೈಲಿನಲ್ಲಿ ಬರೆಯುವರು. ಆಟ ಶುರುವಾದರೆ ಆ ಗೊಂಬೆಗಳ ಮೈಮೇಲೆ ಇದ್ದದ್ದು ಬಣ್ಣವಾಗಿರಲಿಲ್ಲ, ಬಟ್ಟೆಯಾಗಿತ್ತು.

ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ನಾನು ಅಂಗಿಗಳನ್ನು ಫ್ಲಾಪಿಯಲ್ಲಿ ಹುಮನಾಬಾದಿಗೆ ಒಯ್ದು ಕೇಂದ್ರದಿಂದ ಫೋರಂಗೆ ಹಾಕುತ್ತಿದ್ದೆ. ಕೊಲಂಬೊದಿಂದ, ಢಾಕಾದಿಂದ, ಇಂಗ್ಲೆಂಡಿನಿಂದ ಜನ ಬರೆದರು. ಇಂಥ ಅಂಗಿ ಈ ಆಟದಲ್ಲಿ ಯಾರೂ ಕಂಡಿಲ್ಲ ಎಂದರು. ಒಬ್ಬನಂತೂ ಆಡುವುದು ಬಿಟ್ಟು ಬರೀ ಅಂಗಿ ನೋಡುತ್ತಾ ಕೂತೆ ಎಂದು ಬರೆದ. ವರ್ಷ ಕಳೆಯುವುದರೊಳಗೆ ಎಂಟು ದೇಶದ ತಂಡಗಳಿಗೆ ವೈನಿ ಅಂಗಿ ಹೊಲಿದಿದ್ದರು. ಹೊಲಿಯುವುದು ಎಂದೇ ಅವರು ಅನ್ನುತ್ತಿದ್ದದ್ದು.

ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರದ ಸೀಡಿ ಅಂಗಡಿಯಲ್ಲೂ ಒಂದು ದಿನ ಆ ಅಂಗಿಗಳಿದ್ದ ಆಟ ಕಂಡೆ. ಹತ್ತಿರದ ದುಬಲಗುಂಡಿ ಹಳ್ಳಿಯ ಇಬ್ಬರು, ಕೆಲಸ ಮುಗಿಸಿ ಬಂದ ಕೂಲಿಯವರು, ಅಂಗಡಿಯ ಪರದೆಯ ಮೇಲೆ ಹಾಕಿಸಿ ನೋಡಿ ಅದನ್ನು ಕೊಳ್ಳುತ್ತಿದ್ದರು. ಡ್ರೆಸ್ ಖರೇ ಖರೇ ಇದ್ದಂಗ ಅದ ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಮನೆಗೆ ಬಂದು ವೈನಿಗೆ ಹೇಳಿದೆ. ಅಂಗಡಿಯವನು ಕದ್ದು ಮಾರುತ್ತಿದ್ದಾನೆ ಎಂದು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಆ ಇಬ್ಬರು ಏನೆಂದರು ಎಂಬುದನ್ನು ಮತ್ತೆ ಹೇಳಿಸಿಕೊಂಡರು, ಅಷ್ಟೇ.

ಆಮೇಲೆ ಬಂತು ಪೆಟ್ಟು. ಒಂದು ಸೋಮವಾರ ಫೋರಂ ತೆರೆದರೆ ಅಂಗಿಗಳ ಪುಟಕ್ಕೆ ಬೀಗ. ಫೋರಂ ನಡೆಸುತ್ತಿದ್ದವನು ನಮ್ಮ ಅಂಗಿ, ಇನ್ನೊಬ್ಬರ ಮೈದಾನ, ಮತ್ತೊಬ್ಬರ ಬ್ಯಾಟು ಎಲ್ಲವನ್ನೂ ಒಂದು ಗಂಟು ಕಟ್ಟಿ, ದುಡ್ಡು ಕೊಟ್ಟವರಿಗೆ ಮಾತ್ರ ಎಂದು ಹಾಕಿದ್ದ. ಮಾಡಿದವರು ಯಾರು ಎನ್ನುವಲ್ಲಿ ತನ್ನೊಬ್ಬನ ಹೆಸರು. ನಾನು ಅಲ್ಲೇ ಕೂತು ಜಗಳ ತೆಗೆದೆ. ಅವನ ಉತ್ತರ ತಣ್ಣಗಿತ್ತು. ಆಟ ಕಂಪನಿಯದು, ಫೈಲು ಕಂಪನಿಯದು, ಅದರೊಳಗೆ ಗೀಚಿದವರಿಗೆ ಯಾವ ಹಕ್ಕೂ ಇಲ್ಲ, ಫೋರಂ ನಡೆಸುವ ಖರ್ಚು ಮಾತ್ರ ನನ್ನದು ಎಂದ. ಹೆಚ್ಚು ಮಾತಾಡಿದರೆ ಹೊರಗೆ ಹಾಕುವುದಾಗಿಯೂ ಬರೆದ.

ಸಂಜೆ ವೈನಿಗೆ ಎಲ್ಲ ಹೇಳಿದೆ. ಇನ್ನು ಮೇಲೆ ನಾವೂ ದುಡ್ಡಿಗೇ ಮಾರೋಣ ಎಂದೂ ಅಂದೆ. ಅವರು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಹೊಲದಿದ್ದಕ್ಕ ರೊಕ್ಕ ತಗೊಳ್ಳೋದು ತಪ್ಪಲ್ಲ. ನಾನೂ ತಗೋತೀನಿ. ಅವ ತಗೊಂಡ್ರೂ ನಂಗೇನಿಲ್ಲ. ಬಟ್ಟಿ ಕಂಪನೀದೇ ಇರಲಿ. ನಮ್ಮ ಮನೀಗೂ ಗಿರಾಕಿ ಬಟ್ಟಿನೇ ಬರತದ. ಹೊಲಿಗಿ ಯಾರದು ಅಂತಷ್ಟೇ ಕೇಳಾಕತ್ತೀನಿ. ಅವನ ಹೆಸರು ಹಾಕೋಕಿಂತ ಮೊದಲ ಅಲ್ಲಿ ಯಾರ ಹೆಸರಿತ್ತು?"

ಅಲ್ಲಿದ್ದದ್ದು ನನ್ನ ಹೆಸರು. ಒಂದು ವರ್ಷದಿಂದ ಕೊಲಂಬೊದವರೂ ಢಾಕಾದವರೂ ಹೊಗಳಿದ್ದು ನನ್ನನ್ನು. ಜನ ಮೆಚ್ಚ್ಯಾರ್ರಿ ವೈನಿ ಎಂದು ಮನೆಗೆ ಬಂದು ಹೇಳಿದ್ದೆನೇ ಹೊರತು ಯಾರನ್ನು ಮೆಚ್ಚಿದರು ಎಂದು ಹೇಳಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೂ ಅನಿಸಿರಲಿಲ್ಲ. ಹೆಂಗಸರ ಕೈಕೆಲಸ ಮನೆಯ ಹೆಸರಲ್ಲಿ ಹೋಗುವುದು ನನಗೆ ಅಷ್ಟು ರೂಢಿಯಾಗಿತ್ತು.

"ನಂದು, ವೈನಿ," ಅಂದೆ.

ಅವರು ಚಕ್ರ ತಿರುಗಿಸಿ ಹಿಡಿದಿದ್ದ ಹೊಲಿಗೆಯನ್ನು ತುದಿಮುಟ್ಟಿಸಿದರು, ಹಲ್ಲಿನಿಂದ ದಾರ ಕಡಿದರು. ಅಂಥ ನಾಚಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು.

ಬಟ್ಟೆ ಮಡಿಸಿಟ್ಟು ಫೈಲು ತೆಗಿ ಅಂದರು. ತೆಗೆದೆ. ಕಾಲರಿನ ಒಳಮಗ್ಗುಲನ್ನು ದೊಡ್ಡದು ಮಾಡಲು ಹೇಳಿದರು. ಆಟದಲ್ಲಿ ಕ್ಯಾಮೆರಾ ಎಂದೂ ಹೋಗದ ಜಾಗ ಅದು, ಕುತ್ತಿಗೆಯ ಹಿಂದೆ. ದೊಡ್ಡದು ಮಾಡುತ್ತಾ ಹೋದೆ. ನೀಲಿಯ ನಡುವೆ ಮೂರು ಅರಿಶಿನ ಬಣ್ಣದ ಚುಕ್ಕಿ, ಒಂದರ ಪಕ್ಕ ಒಂದು, ನಡುವಿನದು ತುಸು ಮೇಲೆ. ಇನ್ನೊಂದು ದೇಶದ ಹಸಿರು ಅಂಗಿ ತೆಗೆದೆ. ಅಲ್ಲೂ ಮೂರು. ಎಂಟರಲ್ಲೂ ಇದ್ದವು. ಚಿಟಗುಪ್ಪದಲ್ಲಿ ಅವರ ಅಪ್ಪ ಹೊಲಿದ ಪ್ರತಿ ಬಟ್ಟೆಯ ಒಳಗೆ ಹಾಗೆ ಮೂರು ಹೊಲಿಗೆ ಹಾಕುತ್ತಿದ್ದರಂತೆ, ತನ್ನ ಕೈಯದು ತನಗೆ ಗುರುತು ಸಿಗಲಿ ಎಂದು. ಇವರಿಗೂ ಅದೇ ರೂಢಿ. ಯಾರಿಗೋ ತೋರಿಸಲು ಹಾಕಿದ್ದಲ್ಲ. ಒಂದು ವರ್ಷ ಅವರ ಪಕ್ಕದಲ್ಲೇ ಕೂತಿದ್ದ ನಾನು ನೋಡಿರಲಿಲ್ಲ. ಸಾವಿರಾರು ಮೈಲಿ ದೂರದ ಮನೆಗಳ ಕಂಪ್ಯೂಟರುಗಳಲ್ಲಿ, ಓಡುವ ಆಡುವ ಅಷ್ಟೂ ಗೊಂಬೆಗಳ ಕುತ್ತಿಗೆಯ ಹಿಂದೆ ಚಿಟಗುಪ್ಪದ ಆ ಹೊಲಿಗೆ ಇತ್ತು.

ಮರುದಿನ ಹುಮನಾಬಾದಿನಲ್ಲಿ ಕೂತು ಫೋರಂನಲ್ಲಿ ಎರಡು ಸಂಗತಿ ಬರೆದೆ. ಮೊದಲನೆಯದು, ಈ ಅಂಗಿಗಳು ನನ್ನವಲ್ಲ, ನನ್ನ ಅಣ್ಣನ ಹೆಂಡತಿಯವು, ಒಂದು ವರ್ಷ ನಾನು ನಿಮ್ಮ ಹೊಗಳಿಕೆ ಸುಮ್ಮನೆ ತಿಂದೆ ಎಂದು. ಎರಡನೆಯದು, ಕಾಲರಿನ ಒಳಗೆ ನೋಡಿ ಎಂದು. ಫೋರಂನವನು ಅಳಿಸುವ ಮೊದಲೇ ಜನ ಓದಿಬಿಟ್ಟಿದ್ದರು. ಒಬ್ಬೊಬ್ಬರೇ ತಮ್ಮ ತಮ್ಮ ಫೈಲು ತೆರೆದು ಮೂರು ಚುಕ್ಕಿಯ ಚಿತ್ರ ಹಾಕತೊಡಗಿದರು. ಅವನು ಅಳಿಸಿದಷ್ಟೂ ಬಂದವು. ಮೈದಾನ ಮಾಡುತ್ತಿದ್ದ ಒಬ್ಬ, ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು, ತನ್ನ ಹೆಸರನ್ನೂ ಹೀಗೇ ತೆಗೆದಿದ್ದಾನೆ ಎಂದು ಮುಂದೆ ಬಂದ. ಬ್ಯಾಟು ಮಾಡುತ್ತಿದ್ದವನೂ ಬಂದ.

ಗೆದ್ದೆವು ಎಂದು ಹೇಳಲಾರೆ. ಅವನು ಬೀಗ ತೆಗೆಯಲಿಲ್ಲ, ಕೆಲವು ವಾರದಲ್ಲಿ ಇಡೀ ಫೋರಂ ಮುಚ್ಚಿಬಿಟ್ಟ. ಎಷ್ಟೋ ಜನರ ಎಷ್ಟೋ ವರ್ಷದ ಕೆಲಸ ಅದರೊಂದಿಗೆ ಹೋಯಿತು. ಹಳೆಯ ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಫ್ಲಾಪಿಗಳಲ್ಲಷ್ಟೇ ಇಟ್ಟಿದ್ದ ವೈನಿಯ ಎಂಟು ಅಂಗಿಗಳಲ್ಲಿ ಎರಡರ ಫ್ಲಾಪಿ ಕೆಟ್ಟು, ಆರು ಉಳಿದವು. ಆದರೆ ಮೈದಾನದವನು ಇನ್ನೊಂದು ಫೋರಂ ತೆರೆದ. ಅಲ್ಲಿ ನಿಯಮ ಒಂದೇ: ಮಾಡಿದವರ ಹೆಸರು ಮೊದಲು, ಉಳಿದದ್ದು ಆಮೇಲೆ. ಹೆಸರು ಏನೆಂದು ಹಾಕಲಿ ಎಂದು ಅವನು ಕೇಳಿದ. ನಾನು ವೈನಿಯನ್ನು ಕೇಳಿದೆ. ಅವರು ತಮ್ಮ ಪೂರ್ತಿ ಹೆಸರು ಹೇಳಿ, ಪಕ್ಕದಲ್ಲಿ ದರ್ಜಿ ಅಂತ ಬರಿ, ಊರೂ ಬರಿ ಎಂದರು. ಹಾಗೇ ಬರೆದೆ.

ಆಮೇಲೆ ಅಲ್ಲಿನವರು ಅವರಿಂದ ಕಲಿಯಬೇಕು ಎಂದರು. ನಾನು ನಕ್ಕೆ, ವೈನಿ ನಗಲಿಲ್ಲ. ಒಂದು ರವಿವಾರ ಕೂಡಿಸಿಕೊಂಡು ಹೇಳಿ ಬರೆಸಿದರು. ಮೊದಲು ನಿಮ್ಮದೇ ಒಂದು ಹಳೆ ಅಂಗಿ ಬಿಚ್ಚಿ, ಕತ್ತರಿಸಬೇಡಿ, ಹೊಲಿಗೆ ಬಿಚ್ಚಿ, ನೆಲದ ಮೇಲೆ ಹಾಸಿ ನೋಡಿ ಎಂದು ಶುರುವಾಯಿತು ಅವರ ಪಾಠ. ನನ್ನ ಹರಕು ಇಂಗ್ಲಿಷಿಗೆ ಅದನ್ನು ತಿರುಗಿಸಿ ಹಾಕಿದೆ. ಎಲ್ಲೆಲ್ಲಿಯದೋ ದೇಶದ ಗಂಡಸರು ತಮ್ಮ ಅಂಗಿ ಬಿಚ್ಚಿ ಹಾಸಿದ ಫೋಟೋ ಕಳಿಸಿದರು. ಕೇಂದ್ರದ ಪ್ರಿಂಟರಿನಲ್ಲಿ ತೆಗೆದು ಮನೆಗೆ ತಂದ ಆ ಹಾಳೆಗಳನ್ನು ವೈನಿ ಮೊಣಕಾಲ ಮೇಲಿಟ್ಟುಕೊಂಡು ಒಂದೊಂದಾಗಿ ನೋಡಿದರು.

ಇಂಗ್ಲೆಂಡಿನವನೊಬ್ಬ ಪಾಠ ಓದಿ ತಾನೇ ಮಾಡಿದ ಮೊದಲ ಅಂಗಿಯನ್ನೂ ಕಳಿಸಿದ್ದ. ನನಗೆ ಬಹಳ ಚೆಂದ ಕಂಡಿತು, ಹಾಗೇ ಅಂದೆ. ವೈನಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಲತೋಳಿನ ಮೇಲೆ ಉಗುರಿನಿಂದ ಗೆರೆ ಎಳೆದರು.

"ತೋಳು ಹಿಂದ ಮುಂದ ಆಗ್ಯದ," ಅಂದರು. "ಕೈ ಚಲೋ ಅದ ಅವಂದು. ಬಿಚ್ಚಿ ಮತ್ತ ಹೊಲಿ ಅಂತ ಬರಿ."