ಬಿಸಾಡುವ ಪಿನ್ನಿಗಾಗಿ ಒಂದು ಶೋಧ

ನಮ್ಮ ಮನೆಯಲ್ಲಿ ಇಡ್ಲಿ ಬೇಯುವುದು ನಿಂತು ಕೆಲವು ವರ್ಷಗಳಾದವು. ಅಕ್ಕಿಗೂ ಉದ್ದಿಗೂ ಬರವೇನೂ ಬಂದಿಲ್ಲ. ಇಡ್ಲಿ ತಟ್ಟೆಗಳನ್ನು ನಾನು ವಿಮಾನದ ಸೇವೆಗೆ ವಶಪಡಿಸಿಕೊಂಡಿದ್ದೇನೆ.

ವಿಮಾನ ಎಂದೊಡನೆ ಓದುಗರು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬಾರದು. ಕಬ್ಬಿಣದ ಕೊಳವೆಗಳ ಹಂದರಕ್ಕೆ ಬಟ್ಟೆ ಬಿಗಿದು, ಬಣ್ಣ ಬಳಿದು, ಮುಂದೊಂದು ಹಿಂದೊಂದು ಸೀಟಿಟ್ಟು ನಾನೇ ಕಟ್ಟಿದ್ದು. ನಮ್ಮ ತೋಟ ಇರುವುದು ಆಲೂರಿನ ಕಡೆ, ಗುಡ್ಡಗಳು ತುಸು ದಯೆ ತೋರಿ ಮಟ್ಟಸವಾಗುವ ಜಾಗದಲ್ಲಿ. ತೋಟದ ಕೆಳಗಿನ ಹುಲ್ಲುಗಾವಲೇ ರನ್‌ವೇ, ಕಾಫಿ ಸ್ಟೋರೇ ವಿಮಾನದ ಮನೆ. ಕಾಫಿ ಒಣಗಿ ಮೂಟೆಯಾಗುವ ತಿಂಗಳುಗಳಲ್ಲಿ ಮಾತ್ರ ಅದು ಕಣದ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಲ್ಲಬೇಕು. ಮನೆ ಯಾರಿಂದ ನಡೆಯುತ್ತದೆ ಎಂಬ ಬಗ್ಗೆ ಅದಕ್ಕೆ ಭ್ರಮೆಯೇನಿಲ್ಲ.

ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಒಳಗೆಲ್ಲ ನೋಡಿ, ಮತ್ತೆ ಜೋಡಿಸಬೇಕು. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಬಿಚ್ಚಿದ ನಟ್ಟು, ಬೋಲ್ಟು, ವಾಷರುಗಳನ್ನು ಎಲ್ಲಿಡುವುದು ಎಂಬಲ್ಲಿಯೇ ಮನುಷ್ಯನ ಯೋಗ್ಯತೆ ಹೊರಬೀಳುವುದು. ಮೊದಮೊದಲು ನಾನು ಅವನ್ನು ಅಂಗಿಯ ಜೇಬಿನಲ್ಲಿ ಇಡುತ್ತಿದ್ದೆ. ಅಂಗಿ ಒಗೆಯಲು ಹೋಗುತ್ತಿತ್ತು. ಆಮೇಲೆ ತೆಂಗಿನ ಕರಟ ಬಂತು, ಕರಟ ಮಗುಚಿತು. ಕೊನೆಗೊಂದು ಬೆಳಿಗ್ಗೆ ತಿಂಡಿಗೆ ಕೂತಾಗ ಜ್ಞಾನೋದಯವಾಯಿತು. ಇಡ್ಲಿ ತಟ್ಟೆ! ಒಂದು ಗುಳಿಗೆ ಒಂದು ಜಾಗದ ಸಾಮಾನು. ಬಿಚ್ಚಿದ ಕ್ರಮದಲ್ಲೇ ತಟ್ಟೆಯ ಮೇಲೆ ತಟ್ಟೆ. ಜೋಡಿಸುವಾಗ ಮೇಲಿನಿಂದ ಇಳಿಸುತ್ತ ಬಂದರಾಯಿತು. ಈ ಪದ್ಧತಿ ಹೊಳೆದ ದಿನ ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು. ನೋಡಲು ಬಂದವರಿಗೆ ವಿಮಾನಕ್ಕಿಂತ ಮೊದಲು ತಟ್ಟೆಗಳ ದರ್ಶನ ಮಾಡಿಸುತ್ತಿದ್ದೆ.

ಆ ವರ್ಷ ನನ್ನ ಹೆಂಡತಿ ಮೊದಲ ಬಾರಿಗೆ ವಿಮಾನ ಹತ್ತಲು ಒಪ್ಪಿದ್ದಳು. ಅದಕ್ಕೆ ಮೊದಲು ಎಷ್ಟು ಕರೆದರೂ ಬಂದವಳಲ್ಲ. ಅವಳ ತವರು ಹೊಂಗಡಹಳ್ಳದ ಕಡೆ. ಮನೆಯ ಹಿಂದೊಂದು ಗುಡ್ಡ. ಆನೆ ಓಡಾಡುವ ಜಾಗ ಎಂದು ಚಿಕ್ಕವಳಿದ್ದಾಗ ಹಿರಿಯರು ಅದನ್ನು ಹತ್ತಲು ಬಿಡಲಿಲ್ಲ. ದೊಡ್ಡವಳಾದ ಮೇಲೆ ಮದುವೆ ಮಾಡಿ ಇಲ್ಲಿಗೆ ಕಳಿಸಿದರು. “ಆ ಗುಡ್ಡದ ಆಚೆ ಏನೈತೆ ಅಂತ ಒಂದ್ಸಲ ನೋಡ್ಬೇಕು ಕಣ್ರೀ. ಅದೊಂದಕ್ಕೆ ಬರ್ತೀನಿ” ಎಂದಿದ್ದಳು. ನಾನದನ್ನು ನನ್ನ ಹಾರಾಟಕ್ಕೆ ಸಂದ ಪ್ರಶಸ್ತಿ ಎಂದು ತಿಳಿದುಕೊಂಡೆ. ಭಾನುವಾರ ಎಂದು ನಿಶ್ಚಯವಾಯಿತು. ಮುಂಗಾರು ಆಗಲೇ ಮೋಡ ಕಟ್ಟಲು ಶುರುಮಾಡಿತ್ತು. ಮಳೆ ಹಿಡಿದರೆ ಹುಲ್ಲುಗಾವಲು ನಾಟಿ ಗದ್ದೆಯಂತಾಗುತ್ತದೆ. ಆ ಭಾನುವಾರ ತಪ್ಪಿದರೆ ಮುಂದಿನ ಜನವರಿಯೇ ಗತಿ.

ಹೆಂಡತಿ ಕೂರುವ ವಿಮಾನವಲ್ಲವೇ, ಎಲ್ಲ ಒಮ್ಮೆ ನೋಡಿಬಿಡೋಣ ಎಂದು ಸೀಟು ತೆಗೆದು, ಅದರಡಿಯ ಜೋಡಣೆಗಳನ್ನು ಬಿಚ್ಚಿದೆ. ಅಲ್ಲಿಂದ ಬಾಲದವರೆಗೆ ತಂತಿ ಹೋಗುತ್ತದೆ. ಆ ತಂತಿ ಎಳೆದರೆ ವಿಮಾನ ಮೂತಿ ಎತ್ತುತ್ತದೆ, ಬಿಟ್ಟರೆ ಇಳಿಸುತ್ತದೆ. ಅಲ್ಲಿನ ನಟ್ಟುಗಳು ಸಡಿಲವಾಗದಂತೆ ಅಡ್ಡಲಾಗಿ ಒಂದೊಂದು ಸಣ್ಣ ಪಿನ್ನು ತೂರಿಸಿ ಅದರ ಸೀಳುತುದಿಯ ಕಾಲುಗಳನ್ನು ಮಡಿಚಿರುತ್ತಾರೆ. ಒಮ್ಮೆ ತೆಗೆದ ಪಿನ್ನನ್ನು ಮತ್ತೆ ಹಾಕುವಂತಿಲ್ಲ, ಬಿಸಾಡಬೇಕು. ಆದರೆ ಬಿಸಾಡುವ ಮುಂಚೆ ಅದು ಕೈಯಲ್ಲಿರಬೇಕು. ಶನಿವಾರ ಬೆಳಿಗ್ಗೆ ಹೊಸ ಪಿನ್ನುಗಳನ್ನು ಹಾಕುವ ಮೊದಲು ನೋಡಿದರೆ ಒಂದು ಗುಳಿಯಲ್ಲಿ ಬೋಲ್ಟು ಇದೆ, ವಾಷರು ಇದೆ, ನಟ್ಟು ಇದೆ, ಹಳೆಯ ಪಿನ್ನು ಇಲ್ಲ.

ಪದ್ಧತಿ ತಪ್ಪುವುದಂತೂ ಸಾಧ್ಯವಿರಲಿಲ್ಲ. ಆದ್ದರಿಂದ ಇಲಿ ಒಯ್ದಿರಬಹುದು ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಹೆಂಡತಿ ಕಾಫಿ ತಂದಳು. ಮುಚ್ಚಿಡುವ ಆಲೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೇಳಿದೆ. ಅವಳು ತಟ್ಟೆಯನ್ನು ಎತ್ತಿ ಅಡಿಭಾಗ ನೋಡಿದಳು. ಇನ್ನೊಂದು ಹಳೆಯ ಪಿನ್ನನ್ನು ಗುಳಿಗೆ ಹಾಕಿ ಮೆಲ್ಲಗೆ ಅಲ್ಲಾಡಿಸಿದಳು. ಆವಿ ಬರಲೆಂದು ಗುಳಿಯಲ್ಲಿರುವ ತೂತಿನಿಂದ ಅದು ಸಲೀಸಾಗಿ ಕೆಳಗಿಳಿಯಿತು.

“ನಾವು ಹಿಟ್ಟು ಹೊಯ್ಯೋ ಮುಂಚೆ ಒದ್ದೆ ಬಟ್ಟೆ ಹಾಸ್ತೀವಿ ಕಣ್ರೀ. ತಟ್ಟೆ ತಗೊಂಡೋದೋರು ಬಟ್ಟೆ ಯಾಕೆ ಬುಟ್ಬಂದ್ರಿ?”

ನಾನು ಕಾಫಿ ಲೋಟ ಕೆಳಗಿಟ್ಟು ಟಾರ್ಚು ಹುಡುಕಿದೆ.

ಬಿಚ್ಚುವಾಗ ತಟ್ಟೆಯನ್ನು ಇಟ್ಟಿದ್ದು ವಿಮಾನದ ಹೊಟ್ಟೆಯೊಳಗೆ. ನಮ್ಮ ವಿಮಾನ ನಿಂತಾಗ ಬಾಲ ನೆಲಕ್ಕೆ ತಗ್ಗಿರುತ್ತದೆ, ಬಿದ್ದದ್ದೆಲ್ಲ ಅತ್ತ ಜಾರುತ್ತದೆ. ಅಲ್ಲಿ ತಂತಿ ಹಾಯುವ ರಾಟೆಗೆ ಪಿನ್ನು ಸಿಕ್ಕಿಕೊಂಡರೆ ಎತ್ತಿದ ಮೂತಿ ಇಳಿಯದು, ಇಳಿಸಿದ್ದು ಏಳದು. ಅಯಸ್ಕಾಂತಕ್ಕೆ ದಾರ ಕಟ್ಟಿ ಬಿಟ್ಟೆ. ಅದು ಪಿನ್ನೊಂದನ್ನು ಬಿಟ್ಟು ಸಿಕ್ಕ ಸಿಕ್ಕ ಕೊಳವೆಗಳನ್ನೆಲ್ಲ ಅಪ್ಪಿಕೊಂಡಿತು.

ಹೊತ್ತಿಗೆ ಸರಿಯಾಗಿ ಅಕ್ಕನ ಹಾರಾಟ ನೋಡಲು ಭಾಮೈದ ಬಂದಿಳಿದ. ಬಿಸ್ಲೆ ಘಾಟಿಯ ದಾರಿಯಲ್ಲಿ ಜೀಪು ಓಡಿಸುವವನು. ವಿಷಯ ಕೇಳಿ ಅವನಿಗೆ ಅರ್ಥವೇ ಆಗಲಿಲ್ಲ.

“ಅಲ್ಲ ಭಾವ, ಬಿಸಾಕೋ ಪಿನ್ನು ಕಳ್ದೋಯ್ತು ಅಂತ ಯಾರಾದ್ರೂ ಅಳ್ತಾರಾ? ನಮ್ ಜೀಪಲ್ಲಿ ನಾಕು ನಟ್ಟೇ ಇಲ್ಲ. ಘಾಟಿ ಇಳ್ದು ಹತ್ತಿ ಬರ್ತೈತೆ.”

“ನಿನ್ನ ಜೀಪು ಕೆಟ್ರೆ ರಸ್ತೇಲಿ ನಿಲ್ತದೆ ಮಾರಾಯ. ಇದು ಎಲ್ಲಿ ನಿಲ್ಲಬೇಕು?”

ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ಅಕ್ಕನನ್ನು ನೋಡಿದ, ತೋಟದಿಂದ ಆಳುಗಳನ್ನು ಕರೆತಂದ. ಎಲ್ಲರೂ ಸೇರಿ ಬಾಲವನ್ನು ತಲೆಮಟ್ಟಕ್ಕೆ ಎತ್ತಿ, ಮೊರ ಕೇರಿದಂತೆ ವಿಮಾನವನ್ನು ಕುಲುಕಿದರು. ಒಳಗೆ ಏನೋ ಗಿಲಗಿಲ ಎಂದಿತು. ಮೊದಲು ಉರುಳಿ ಬಂದದ್ದು ಒಂದು ನಟ್ಟು. ಕಟ್ಟುವ ಕಾಲದಲ್ಲಿ ಬಿದ್ದದ್ದಿರಬೇಕು, ಅಷ್ಟು ದಿನ ನನ್ನ ಜೊತೆ ಹಾರಿತ್ತು. ಆಮೇಲೆ ಪೆನ್ನಿನ ಮುಚ್ಚಳ, ಒಣಗಿದ ಹಲ್ಲಿ, ಒಂದಿಷ್ಟು ಕಾಫಿ ಬೀಜ. ಒಂದೊಂದು ಬಂದಾಗಲೂ ಭಾಮೈದ ಅದನ್ನೆತ್ತಿ ಇದು ವಿಮಾನದ್ದೋ ಮನೆಯದ್ದೋ ಎಂದು ಗಂಭೀರವಾಗಿ ವಿಚಾರಿಸುತ್ತಿದ್ದ. ಹೆಂಡತಿ ಆ ನಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಪಿನ್ನು ಬರಲಿಲ್ಲ.

ಉಳಿದದ್ದು ಒಂದೇ ದಾರಿ: ಬಾಲದಡಿಯ ಬಟ್ಟೆ ಕುಯ್ಯುವುದು. ಕುಯ್ದರೆ ತೇಪೆ ಹಾಕಬೇಕು, ಬಣ್ಣ ಬಳಿಯಬೇಕು, ಅದು ಒಣಗಬೇಕು. ಭಾನುವಾರ ಕೈಬಿಟ್ಟಂತೆಯೇ. ಬ್ಲೇಡು ಹಿಡಿದು ಅವಳ ಮುಖ ನೋಡಿದೆ. “ಗುಡ್ಡ ಎಲ್ಲಿಗೂ ಹೋಗಲ್ಲ, ಕುಯ್ರಿ” ಎಂದಳು. ಕುಯ್ದೆ. ರಾಟೆಗೂ ಅದನ್ನು ಹಿಡಿದ ತಗಡಿಗೂ ನಡುವೆ ಅರ್ಧ ಒಳಗೆ ಅರ್ಧ ಹೊರಗೆ ಪಿನ್ನು ಕೂತಿತ್ತು. ಕುಲುಕಿದ್ದಕ್ಕೆ ಇನ್ನೂ ಬಿಗಿಯಾಗಿತ್ತೇ ಹೊರತು ಸಡಿಲವಾಗಿರಲಿಲ್ಲ. ಇಕ್ಕಳ ಹಾಕಿ ಎಳೆಯಬೇಕಾಯಿತು. ಭಾಮೈದ ಅದನ್ನು ನೋಡಿ, ಸದ್ದಿಲ್ಲದೆ ಹೋಗಿ ತನ್ನ ಜೀಪಿನ ಅಡಿಗೆ ಬಗ್ಗಿ ನೋಡಿದ.

ಭಾನುವಾರ ಬೆಳಿಗ್ಗೆಯೇ ಮಳೆ ಹಿಡಿಯಿತು. ಸ್ಟೋರಿನ ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. ಗುಡ್ಡವಿರಲಿ, ಎದುರಿನ ಕಣವೂ ಕಾಣುತ್ತಿರಲಿಲ್ಲ. ಸಮಾಧಾನದ ಮಾತಿಗಾಗಿ ನಾನು ತಡಕಾಡುತ್ತಿದ್ದಾಗ ಅವಳೇ ಕೇಳಿದಳು.

“ನೀವೊಬ್ರೇ ಹಾರೋದಾಗಿದ್ರೆ ಇಷ್ಟು ಹುಡುಕ್ತಿದ್ರಾ?”

ಆ ನಟ್ಟು ನೆನಪಾಯಿತು. “ಒಬ್ನೇ ಆಗಿದ್ರೆ... ಏನಾಗುತ್ತೆ ಬಿಡು ಅಂತ ಹಾರಿಸ್ಬಿಡ್ತಿದ್ದೆನೇನೋ” ಎಂದೆ.

“ಹಂಗಾದ್ರೆ ಇನ್ಮೇಲೆ ನೀವೊಬ್ರೇ ಹಾರೋ ಹಂಗಿಲ್ಲ. ಹಿಂದಿನ ಸೀಟಲ್ಲಿ ನಾನಿರ್ತೀನಿ.”

ಜನವರಿಯಲ್ಲಿ ಹತ್ತಿದಳು. ಗುಡ್ಡದ ಆಚೆ ಇನ್ನೊಂದು ಗುಡ್ಡವಿತ್ತು. ಅದರ ಆಚೆ ಏನಿದೆ ಎಂದು ಕೇಳಿದಳು. ಪೆಟ್ರೋಲು ಸಾಲದೆಂದು ತಿರುಗಿಸಿದೆ. ಅಂದಿನಿಂದ ನನಗೆ ಒಬ್ಬನೇ ಹಾರುವ ಭಾಗ್ಯ ಒದಗಿಲ್ಲ. ಪ್ರತಿ ಸಲ ಎಂಜಿನ್ ಶುರುಮಾಡುವ ಮೊದಲು ಹಿಂದಿನಿಂದ, ಎಲ್ಲ ನೋಡಿದ್ದಾಯಿತೇ ಎಂಬ ಪ್ರಶ್ನೆ ಬರುತ್ತದೆ. ನೋಡಿದ್ದೇನೆ ಎನ್ನಲು ಬಾಯಿ ತೆರೆಯುತ್ತೇನೆ. ಆಮೇಲೆ ಬೆಲ್ಟು ಬಿಚ್ಚಿ, ಇಳಿದು, ಇನ್ನೊಂದು ಸುತ್ತು ನೋಡಿ ಬರುತ್ತೇನೆ.