ಮರುಭೂಮಿಗೆ ಹೊರಟಿದ್ದ ನೀಲಿ ಡ್ರಮ್ಮು

ಹೋದ ವರ್ಷದ ಮಾಘ ಮಾಸ. ಬಳ್ಳಾರಿಯ ನಮ್ಮ ಮನೆಯಲ್ಲಿ ಖಡಕ್ ಜೋಳದ ರೊಟ್ಟಿ ಬಡಿದು ಮಾರುವ ಕೆಲಸ ನಾನು ಹಿಡಿದು ಆಗ ಒಂಬತ್ತನೇ ವರ್ಷ. ಕುರುಗೋಡಿನಲ್ಲಿರುವ ಮೈದುನ ವೀರೇಶ ಫೋರ್ ವೀಲ್ ಡ್ರೈವ್ ಜೀಪು ಕೊಂಡಿದ್ದ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವುದರಿಂದ ಅದು ಮರಳಲ್ಲಿ ಸುಲಭಕ್ಕೆ ಹೂತುಕೊಳ್ಳುವುದಿಲ್ಲ. ಅದರಲ್ಲಿ ಇಪ್ಪತ್ತು ದಿನ ರಾಜಸ್ಥಾನದ ಮರುಭೂಮಿ ಸುತ್ತುವ ತಯಾರಿ. ಜೊತೆಗೆ ಸಿರುಗುಪ್ಪದ ಅವನ ಗೆಳೆಯ, ಮತ್ತು ಸಕ್ಕರೆ ಕಾಯಿಲೆಯ ನಮ್ಮ ಮನೆಯವರು. ನನಗೆ ಒಪ್ಪಿಸಿದ್ದು ನಾನೂರು ರೊಟ್ಟಿ, ಶೇಂಗಾ ಚಟ್ನಿಪುಡಿ. ದಾರಿಯ ಬಗ್ಗೆ ಏನು ಕೇಳಿದರೂ, ರೊಟ್ಟಿ ಬಡಿಯೋರು ರೊಟ್ಟಿ ಬಡೀಬೇಕು ಅನ್ನುತ್ತಿದ್ದ ವೀರೇಶ.

ಹೊರಡುವ ದಿನ ಬೆಳಿಗ್ಗೆ ಜೀಪಿಗೆ ಪೂಜೆ ಆಯಿತು. ದಾರಿಗೆಂದು ಗೆಳೆಯ ತನ್ನೂರಿಂದ ನೀರು ತುಂಬಿ ತಂದು ಅಂಗಳದಲ್ಲಿಟ್ಟಿದ್ದ ಐವತ್ತು ಲೀಟರಿನ ನೀಲಿ ಡ್ರಮ್ಮಿಗೂ ವಿಭೂತಿ ಎಳೆದು ಹೂ ಏರಿಸಿದರು. ಸಾಮಾನು ತುಂಬುವಾಗ ಒಂದು ಡಬ್ಬಿ ಬಿದ್ದು ಮೂವತ್ತು ರೊಟ್ಟಿ ಪುಡಿಯಾದವು, ಅಷ್ಟನ್ನು ಮತ್ತೆ ಬಡಿಯಬೇಕಾಯಿತು. ನಲ್ಲಿ ನೀರು ಬಂದು ಹನ್ನೊಂದು ದಿನವಾಗಿತ್ತು, ಸಂಪು ಬರಿದು. ಆ ಡ್ರಮ್ಮಿನಿಂದಲೇ ಒಂದು ತಂಬಿಗೆ ತಗೊಂಡು ಎಸರಿಟ್ಟೆ. ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲೇ ಕಲಸಬೇಕು, ಇಲ್ಲದಿದ್ದರೆ ರೊಟ್ಟಿ ಬಿರಿಯುತ್ತದೆ.

ಎಸರು ಕುದಿಯುತ್ತಲೇ ವಾಸನೆ ಎದ್ದಿತು. ನಾನು ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಬೆಳೆದವಳು. ಬೆಳೆಗೆ ಕೀಟನಾಶಕ ಹೊಡೆಯುವ ದಿನ ಮೂಗಿಗೆ ಅಡರುವ ವಾಸನೆ ಅದು. ಕೇಳಿದರೆ ಗೆಳೆಯ ತಲೆ ಕೆರೆದುಕೊಂಡ. ಗದ್ದೆಗೆ ಹೊಡೆಯುವ ಔಷಧಿ ಕಲಸುತ್ತಿದ್ದ ಡ್ರಮ್ಮೇ ಅದು. ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದ್ದಾನಂತೆ. ನಮ್ಮ ಕಡೆ ಯಾರೂ ಡ್ರಮ್ಮು ಬಿಸಾಡುವುದಿಲ್ಲ, ತೊಳೆದರೆ ಮುಗಿಯಿತು ಅನ್ನುತ್ತೇವೆ.

ನೀರು ಚೆಲ್ಲಿ ಹೊಸ ಕ್ಯಾನು ತನ್ನಿ ಅಂದೆ. ವೀರೇಶನ ಮುಖ ಕೆಂಪಾಯಿತು.

“ಪೂಜಿ ಆದ ನೀರು ಚೆಲ್ಲಂತೀರಲ್ಲ ಅತ್ತಿಗೆಮ್ಮ, ದಿನಾ ಲಿಂಗಪೂಜಿ ಮಾಡೋರು ನೀವು? ಹೊಂಟ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ್ರಿ. ಗಂಡನ್ನ ಕಳಿಸಾಕ ಮನಸಿಲ್ಲಂದ್ರ ನೇರ ಹೇಳ್ರಿ.”

ನಮ್ಮ ಮನೆಯವರು ಡ್ರಮ್ಮು ಮೂಸಿ, ಏನೂ ಗೊತ್ತಾಗಲಿಲ್ಲ ಬಿಡು ಅಂದರು. ತಣ್ಣೀರಲ್ಲಿ ಆ ವಾಸನೆ ಗೊತ್ತಾಗುವುದಿಲ್ಲ, ಕುದಿಸಿದರೇ ಏಳುವುದು. ಊರೇ ಸಿಗದ ಬಿಸಿಲಿನಲ್ಲಿ ಇದೇ ನೀರು ಗತಿ. ಸಕ್ಕರೆ ಕಾಯಿಲೆಯವರಿಗೆ ಬಾಯಾರಿಕೆ ಹೆಚ್ಚು, ಎಲ್ಲರಿಗಿಂತ ಜಾಸ್ತಿ ಕುಡಿಯುವವರು ಅವರೇ. ಡ್ರಮ್ಮಿನ ಮೇಲಿನ ವಿಭೂತಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮುಚ್ಚಳ ತೆಗೆದು ಡ್ರಮ್ಮನ್ನು ಉರುಳಿಸಿಬಿಟ್ಟೆ.

“ಶಿವ ವಿಷ ಕುಡದು ದಕ್ಕಿಸಿಕೊಂಡಾನ, ವೀರೇಶ. ನಿಮ್ಮಣ್ಣಗ ದಕ್ಕಂಗಿಲ್ಲ.”

ಅವನು ಖಾಲಿ ಡ್ರಮ್ಮನ್ನು ಒದ್ದ. ಬಜಾರಿಗೆ ಹೋಗಿ ಹೊಸ ಕ್ಯಾನು ತಂದು, ನೀರು ಕೊಂಡು ತುಂಬಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೋಗಿಬರುತ್ತೇವೆ ಅಂತ ನನಗೆ ಯಾರೂ ಹೇಳಲಿಲ್ಲ, ನಮ್ಮ ಮನೆಯವರೂ.

ಇಪ್ಪತ್ತೆರಡನೇ ದಿನ ಮೂವರೂ ಕಪ್ಪಗಾಗಿ, ಗಟ್ಟಿಯಾಗಿಯೇ ಬಂದಿಳಿದರು. ಶಿವನ ದಯೆ. ಬುತ್ತಿ ಕಟ್ಟುವವಳ ಹೊಣೆ ರೊಟ್ಟಿಗೆ ಮುಗಿಯುವುದಿಲ್ಲ, ಅದನ್ನು ಗಂಟಲಿಗಿಳಿಸುವ ನೀರಿಗೂ ಅವಳೇ ಹೊಣೆ. ಈ ಕೆಲಸ ನನಗೆ ಕಲಿಸಿದ್ದು ಇದು. ಒಳ್ಳೆಯವಳು ಅನ್ನಿಸಿಕೊಳ್ಳಬೇಕೆಂದರೆ ಆ ಹೊಣೆ ಹೊರಲಾಗದು.

ಈ ವರ್ಷ ಮತ್ತೆ ಹೊರಟಿದ್ದಾರೆ. ವೀರೇಶ ರೊಟ್ಟಿಯನ್ನು ಬೇರೆಯವರ ಕಡೆ ಮಾಡಿಸಿದ. ನೀರಿಗೆ ಮಾತ್ರ ಅಂಗಡಿಯಿಂದ ಹೊಸ ಕ್ಯಾನು ತಂದು, ಒಂದು ತಂಬಿಗೆ ಕುದಿಸಿ ಮೂಸಿ ನೋಡಿದನಂತೆ.