ಮಾವನ ರಕ್ತಕ್ಕೆ ಇಳಿದ ಸುಣ್ಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಸೋದರಮಾವನ ಕೈಗೆ ಸಿಗದಂತೆ ನೀರಿನ ಚೆಂಬನ್ನು ಅಟ್ಟದ ಮೇಲಿಟ್ಟವನು ನಾನೇ. ಬಾಯಿ ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಕುದೇರಿನ ಮನೆಗೆ ಮರಳಿದ್ದ ಮಾವ, ವಾರದಿಂದ ಗಂಟೆಗೊಂದು ಚೆಂಬು ನೀರು ಕುಡಿದು ಗಂಟೆಗೆರಡು ಸಲ ಬಚ್ಚಲಿಗೆ ಏಳುತ್ತಿದ್ದ. ನೋಡಿಕೊಳ್ಳಲೆಂದು ಗುಂಡ್ಲುಪೇಟೆಯಿಂದ ಬಂದಿದ್ದ ನನಗೆ ಹೆಗಲು ಕೊಟ್ಟು ಕೊಟ್ಟು ಸಾಕಾಗಿತ್ತು. ಒಳಗೆ ಹೋಗದಿದ್ದರೆ ಹೊರಗೆಲ್ಲಿಂದ ಬರುತ್ತದೆ ಎಂಬ ವಿಜ್ಞಾನವನ್ನು ಆಗ ನಾನೇ ಕಂಡುಹಿಡಿದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಂಡವರ ದನಿಯನ್ನೆಲ್ಲ ಅಣಕಿಸುವುದು ನನ್ನ ಹಳೆಯ ಚಾಳಿ. ಮಾವ ಮಾತಿನ ಮಧ್ಯೆ ತೂಕಡಿಸುವುದು, ಎಂದೋ ಮಾರಿದ ಎತ್ತಿಗೆ ಹುಲ್ಲು ಹಾಕಿದಿರಾ ಎಂದು ಕೇಳುವುದು, ಎಲ್ಲವನ್ನೂ ಜಗಲಿಯಲ್ಲಿ ಆಡಿ ತೋರಿಸಿದೆ. ನೆರೆಯವರು ನಕ್ಕರು. ಅತ್ತೆಯೂ ಸೆರಗು ಅಡ್ಡ ಹಿಡಿದು ನಕ್ಕಳು. ಮಾರನೆಯ ಬೆಳಿಗ್ಗೆ ಮಾವ ಅತ್ತೆಯನ್ನೇ ನೋಡಿ, "ಯಾರವ್ವ ನೀನು?" ಎಂದ. ಇದನ್ನು ಅನುಕರಿಸಲು ನನ್ನಂಥವನಿಗೂ ಬಾಯಿ ಬರಲಿಲ್ಲ.

ಆಟೋದಲ್ಲಿ ಹಾಕಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಓಡಿದೆವು. ಏನಾಗುತ್ತಿತ್ತು ಹೇಳಿ ಎಂದರು ಡಾಕ್ಟರಮ್ಮ. ಅತ್ತೆಗೆ ಅಳುವೇ ಮುಗಿಯಲಿಲ್ಲ. ಹೇಳಲು ನನಗೂ ತಿಳಿಯದೆ, ಜಗಲಿಯ ನಾಟಕವನ್ನೇ ಮತ್ತೆ ಆಡಿದೆ: ಕುಡಿಯುವುದು, ವಾಲಿಕೊಂಡು ನಡೆಯುವುದು, ಅರ್ಧ ಮಾತಿಗೆ ಗೊರಕೆ. ಆಕೆ ನಗಲಿಲ್ಲ. ಕಕ್ಕಸಿಗೆ ಹೋಗಿ ಎಷ್ಟು ದಿನವಾಯಿತು ಎಂದರು. ಐದು ದಿನ. ಕೂಡಲೇ ರಕ್ತ ತೆಗೆಸಿದರು. ಕ್ಯಾಲ್ಸಿಯಂ ವಿಪರೀತ ಏರಿತ್ತು.

ಕ್ಯಾಲ್ಸಿಯಂ ಎಂದರೆ ಸುಣ್ಣ ಎಂದು ಶಾಲೆಯಲ್ಲಿ ಓದಿದ ಪಂಡಿತ ನಾನು. ಇಷ್ಟು ವರ್ಷ ಎಲೆಗೆ ಸವರಿ ತಿಂದದ್ದೆಲ್ಲ ರಕ್ತಕ್ಕೆ ಇಳಿದಿದೆ ಎಂದು ಅತ್ತೆಗೆ ಬಿಡಿಸಿ ಹೇಳಿದೆ. ಆಕೆ ಮಾವನ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಕಸದ ಬುಟ್ಟಿಗೆ ಎಸೆದಳು. ಅಕ್ಕಪಕ್ಕದ ಹಾಸಿಗೆಯವರಿಗೂ ಒಂದು ಉಪನ್ಯಾಸ ಕೊಟ್ಟೆ. ಇಬ್ಬರು ಹೌದೌದು ಎಂದು ತಲೆಯಾಡಿಸಿದರು.

ಡಾಕ್ಟರಮ್ಮ ಬಂದು ನನ್ನ ಪಾಂಡಿತ್ಯ ಇಳಿಸಿದರು. ಇದು ತಿಂದ ಸುಣ್ಣವಲ್ಲ, ಕ್ಯಾನ್ಸರ್ರೇ ಮೂಳೆಯೊಳಗಿನದನ್ನು ಕರಗಿಸಿ ರಕ್ತಕ್ಕೆ ಎಳೆಯುತ್ತಿದೆ. ಅದಕ್ಕೇ ಆ ದಾಹ, ಆ ಮಂಕು. ಮೈ ಪೂರ್ತಿ ಒಣಗಿದೆ, ನೀರು ಕಮ್ಮಿ ಮಾಡಿದ್ದು ಯಾರು ಎಂದರು. ಅತ್ತೆ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಎರಡು ಮೂರು ದಿನದಲ್ಲಿ ತಿಳಿವು ಬರಬೇಕು, ಬಾರದಿದ್ದರೆ ಕಷ್ಟ. ಬಂದರೂ ಇದು ಮರುಕಳಿಸಬಹುದು ಎಂದರು.

ಆ ಎರಡು ದಿನ ನಾನು ಯಾರ ದನಿಯನ್ನೂ ಅಣಕಿಸಲಿಲ್ಲ, ನನ್ನದನ್ನೂ ತೆಗೆಯಲಿಲ್ಲ. ಆಯಾ ಒಬ್ಬಳು ನನ್ನನ್ನು ಮೂಗನೆಂದು ತಿಳಿದು ಸನ್ನೆ ಮಾಡಿದಳು.

ಮೂರನೆಯ ದಿನ ಮಾವನ ರೆಪ್ಪೆ ಅಲುಗಿತು. ದಿನವೂ ಅವನ ಕಿವಿಯ ಬಳಿ ಬಾಗಿ ಕೇಳುತ್ತಿದ್ದ ಡಾಕ್ಟರಮ್ಮನ ದನಿ ತೆಗೆದು, "ಯಜಮಾನ್ರೇ, ಇದ್ಯಾವೂರು? ಇವರು ಯಾರು ಹೇಳಿ?" ಎಂದೆ. ಅತ್ತೆ ಮಂಚದ ಕಂಬಿ ಹಿಡಿದು ನಿಂತಳು. ಮಾವ ಆಕೆಯನ್ನು ನೋಡಿದ, ಆಮೇಲೆ ನನ್ನನ್ನು. ಊದಿದ ದವಡೆಯಲ್ಲೇ ಒಂದೊಂದು ಮಾತನ್ನೂ ತಳ್ಳಿದ:

"ಡಾಕ್ಟ್ರಮ್ಮ ಇಂಗ ಮೂಗಲ್ಲಿ ಮಾತಾಡಲ್ಲ ಕಣ್ಲಾ. ನಿಂಗ ಆ ದನಿ ಬರಲ್ಲ, ಬುಡು. ನಿಮ್ಮತ್ತಗ ಕಾಫಿ ಕುಡಿಸ್ಕಂಡು ಬಾ, ಓಗು."